ಡಬ್ಬಿ ಮೇಲಿನ ಕದಿರಮ್ಮ

ಮುನಿಲಕ್ಷ್ಮಿಗಿಂತ ಮೊದಲು ನಾನು ನೋಡಿದ್ದು ಅವಳ ಅಕ್ಷರವನ್ನು. ಬಂಗಾರಪೇಟೆಯಿಂದ ಆರು ಕಿಲೋಮೀಟರ್ ಒಳಗಿರುವ ಅವರ ಊರಿಗೆ ಎನ್ನೆಸ್ಸೆಸ್ ಶಿಬಿರಕ್ಕೆಂದು ಹೋಗಿದ್ದೆ. ಹಾಲಿನ ಡೈರಿಯ ಬಾಗಿಲಲ್ಲಿ ಒಂದು ಕರಿಹಲಗೆ ತೂಗುಹಾಕಿದ್ದರು. ಇಂಥ ಹಲಗೆಗಳ ಮೇಲೆ ಏನು ಬರೆದಿದೆ ಎನ್ನುವುದು ಸಾಮಾನ್ಯವಾಗಿ ಬರೆದ ಕಾರ್ಯದರ್ಶಿಗೇ ತಿಳಿಯುವುದಿಲ್ಲ. ಇದು ಹಾಗಿರಲಿಲ್ಲ. ಹಾಲು ಹಾಕುವ ಹೊತ್ತು ದಪ್ಪಕ್ಷರದಲ್ಲಿ, ಹಿಂಡಿ ಬರುವ ದಿನ ಅದರ ಕೆಳಗೆ, ಪಶುವೈದ್ಯರ ಭೇಟಿಯ ಸಾಲಿನ ಪಕ್ಕದಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡ ಒಂದು ಹಸು. ಓದು ಬಾರದ ಹೆಂಗಸೊಬ್ಬಳು ಆ ಹಸುವನ್ನು ನೋಡಿ, "ಈ ವಾರ ಡಾಕ್ಟ್ರು ಬತ್ತಾರೆ ಕಣೇ" ಎಂದು ಪಕ್ಕದವಳಿಗೆ ಹೇಳಿದಳು.

ಬರೆದವರು ಯಾರೆಂದು ಕೇಳಿದೆ.

"ನಮ್ ರಾಮಚಂದ್ರಪ್ಪನ ಮಗಳು ಸಾರ್. ನಿಮ್ ಕಾಲೇಜಲ್ಲೇ ಪೀಯೂಸಿ ಓದ್ತಾವ್ಳೆ," ಅಂದರು.

ನಾನು ಕನ್ನಡ ಪಾಠ ಹೇಳುವವನು. ಆ ವರ್ಷ ನಮ್ಮ ಕಾಲೇಜಿನಲ್ಲಿ ಡಿಸೈನ್ ಪದವಿಯೊಂದು ಶುರುವಾಗಿತ್ತು. ವಾರದಲ್ಲಿ ಮೂರು ದಿನ ತರಗತಿ, ಕೊನೆಯ ವರ್ಷದಲ್ಲಿ ಉಳಿದ ಮೂರು ದಿನ ಯಾವುದಾದರೂ ಸಂಸ್ಥೆಯಲ್ಲಿ ಅಪ್ರೆಂಟಿಸ್ ಕೆಲಸ. ಬೇರೆ ಯಾರೂ ಒಪ್ಪದ್ದರಿಂದ ಅದರ ಸಂಯೋಜಕನ ಹೊಣೆ ನನ್ನ ಕೊರಳಿಗೆ ಬಿದ್ದಿತ್ತು. ಮಕ್ಕಳು ಸಾಲದೆ ಪದವಿ ಮುಚ್ಚಿಹೋಗುವ ಭಯವೂ ಇತ್ತು. ಆದ್ದರಿಂದ ಅವಳ ಪಿಯುಸಿ ಮುಗಿಯುತ್ತಿದ್ದಂತೆ ನಾನೇ ಅವರ ಮನೆಗೆ ಹೋದೆ.

ರಾಮಚಂದ್ರಪ್ಪ ಹಸು ತೊಳೆಯುತ್ತಿದ್ದ. "ಡಿಸೈನು ಅಂದ್ರೆ ಏನ್ ಸಾರ್? ಸೀರೆ ಮೇಲೆ ಆಕ್ತಾರಲ್ಲ, ಅದಾ?" ಅಂದ.

ನಾನು ತಿಳಿದಷ್ಟು ವಿವರಿಸಿದೆ. ಅವನಿಗೆ ನಂಬಿಕೆ ಬರಲಿಲ್ಲ. ಜಗಲಿಯ ಮೇಲೆ ಕೂತಿದ್ದ ಅವನ ತಾಯಿ ಕದಿರಮ್ಮ ಮಾತ್ರ, "ಮೇಷ್ಟ್ರು ಬಾಗ್ಲಿಗೆ ಬಂದವ್ರೆ. ಓದ್ಲಿ ಬುಡ್ಲಾ," ಅಂದರು. ಹುಡುಗಿಗೆ ತಾಯಿ ಇರಲಿಲ್ಲ. ಅಜ್ಜಿಯೇ ಸಾಕಿದ್ದು.

ಮೊದಲ ಎರಡು ವರ್ಷ ಅವಳು ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದಳು. ಮೂರನೆಯ ವರ್ಷ ಅಪ್ರೆಂಟಿಸ್ ಜಾಗ ಹುಡುಕಿಕೊಡಬೇಕಾಗಿ ಬಂತು. ಬೆಂಗಳೂರಿಗೆ ಕಳಿಸಲು ಮನೆಯವರು ಒಪ್ಪಲಿಲ್ಲ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನರೇಶ್ ಎಂಬುವನು 'ವರ್ಣಸಿಂಧು ಡಿಸೈನ್ಸ್' ಅಂತ ನಡೆಸುತ್ತಿದ್ದ. ಫ್ಲೆಕ್ಸ್, ಮದುವೆ ಪತ್ರಿಕೆ, ಅಂಗಡಿ ಬೋರ್ಡು, ಡಬ್ಬಿಗಳ ಲೇಬಲ್ಲು. ಕಾಲೇಜಿನ ಒಪ್ಪಂದಕ್ಕೆ ತಕ್ಷಣ ಸಹಿ ಹಾಕಿದ. ಅವಳು ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಶೇರ್ ಆಟೋದಲ್ಲಿ ಅಂಗಡಿ ಸೇರುತ್ತಿದ್ದಳು.

ಮೊದಲ ದಿನವೇ ನರೇಶ್ ಅವಳ ಹೆಸರು ಬದಲಾಯಿಸಿದ.

"ಮುನಿಲಕ್ಷ್ಮೀನಾ? ಅಯ್ಯೋ, ಏನಮ್ಮಾ ಇದು? ಕ್ಲೈಂಟ್ ಕೇಳಿದ್ರೆ ನಗ್ತಾನೆ. ಇಲ್ಲಿ ನೀನು ಮೋನಾ. ಸೆರಿಯಾ?"

ಅವಳು ತನ್ನ ಚೀಲವನ್ನು ಕುರ್ಚಿಗೆ ತೂಗುಹಾಕಿದಳು. ಅವನು ಒಪ್ಪಿಗೆ ಅಂದುಕೊಂಡ.

ಆ ಅಂಗಡಿಗೆ ನಾನು ಎರಡು ಸಲ ತಪಾಸಣೆಗೆ ಹೋಗಿದ್ದೇನೆ. ಕಿಟಕಿಯಿಲ್ಲದ ಕೋಣೆ. ಹಿಂದಿನ ಗೋಡೆಗೆ ಒತ್ತಿಕೊಂಡಂತೆ ಫ್ಲೆಕ್ಸ್ ಮೆಷೀನು, ಅದರ ಇಂಕಿನ ಕಟು ವಾಸನೆ ಹತ್ತು ನಿಮಿಷದಲ್ಲಿ ಗಂಟಲಿಗೆ ಇಳಿಯುತ್ತಿತ್ತು. ನರೇಶ್ ದಿನವಿಡೀ ಗುಟ್ಕಾ ಜಗಿಯುವವನು. ಉಗುಳಲು ಎದ್ದುಹೋಗುವ ಸೋಮಾರಿತನಕ್ಕೆ ಕೀಬೋರ್ಡಿನ ಪಕ್ಕದಲ್ಲೇ ಒಂದು ಕಾಗದದ ಲೋಟ ಇಟ್ಟುಕೊಂಡಿರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅದು ಕೆಂಪಗೆ ಮುಕ್ಕಾಲು ತುಂಬಿ, ಅಂಚಿನ ಮೇಲೆ ನೊಣ ಕೂತಿರುತ್ತಿತ್ತು. ಅವನು ಎದ್ದ ಮೇಲೆ ಅದೇ ಮೌಸನ್ನು ಅವಳು ಹಿಡಿಯಬೇಕು. ಅಂಟಂಟು. ಅವಳು ದುಪಟ್ಟಾದ ತುದಿಯಿಂದ ಒರೆಸಿ, ಆಮೇಲೆ ಆ ತುದಿಯನ್ನು ಮೈಗೆ ತಾಗದಂತೆ ಹಿಡಿದುಕೊಂಡು ರೈಲಿನಲ್ಲಿ ಮನೆಗೆ ಹೋಗುತ್ತಿದ್ದಳಂತೆ.

ಕೆಲಸವೂ ಹಾಗೇ ಇತ್ತು. ಮುಕ್ಕಾಲು ಪಾಲು ಮುಖ ಬೆಳ್ಳಗೆ ಮಾಡುವುದು. ಹುಟ್ಟುಹಬ್ಬದ ಬ್ಯಾನರಿನ ಲೀಡರುಗಳು, ಮದುವೆ ಹೆಣ್ಣುಗಳು, ನಾಮಕರಣದ ಮಗು, ಎಲ್ಲರಿಗೂ ಒಂದೇ ಬಣ್ಣ. ಶಾಲೆಯೊಂದರ ಜಾಹೀರಾತಿಗೆ ನರೇಶ್ ಇಂಟರ್‌ನೆಟ್ಟಿನಿಂದ ಯಾವುದೋ ದೇಶದ ಮಕ್ಕಳನ್ನು ಎಳೆದು ತಂದು, ಅವರ ಮೈಮೇಲೆ ನಮ್ಮೂರ ಶಾಲೆಯ ಸಮವಸ್ತ್ರ ಅಂಟಿಸುವಂತೆ ಹೇಳಿದ. ಅವಳು ಅಂಟಿಸಿದಳು. ಕಾಲೇಜಿನಲ್ಲಿ ಬಣ್ಣದ ಪಾಠ, ಅಕ್ಷರದ ಪಾಠ, ನೋಡುವುದನ್ನು ಕಲಿಸುವ ಪಾಠ. ಇಲ್ಲಿ ಬಂದು ಎಲ್ಲವನ್ನೂ ಅಳಿಸುವ ಕೆಲಸ.

ಒಂದು ದಿನ ನಂದಿದುರ್ಗ ಗಣಿಯ ಕಾರ್ಮಿಕರ ಲೈನು ಮನೆಗಳಿಂದ ಒಬ್ಬ ವಯಸ್ಸಾದ ತಮಿಳು ಹೆಂಗಸು ಬಂದರು. ಗಂಡ ಗಣಿಯಲ್ಲಿ ದುಡಿದವರು, ತೀರಿಕೊಂಡು ಎರಡು ದಿನವಾಗಿತ್ತು. ಶ್ರದ್ಧಾಂಜಲಿ ಬ್ಯಾನರಿಗೆಂದು ಗುರುತಿನ ಚೀಟಿಯ ಫೋಟೋ ಕೊಟ್ಟುಹೋದರು. ನರೇಶ್ ಆ ಕಪ್ಪು ಮುಖವನ್ನು ತಿಕ್ಕಿ ತಿಕ್ಕಿ ಗೋಧಿ ಬಣ್ಣ ಮಾಡಿಸಿದ, ಕೆನ್ನೆಯ ಗಾಯದ ಗುರುತು ಅಳಿಸಿದ, ಕುತ್ತಿಗೆಯ ಕೆಳಗೆ ಕೋಟು ಟೈ ಇರುವ ಇನ್ನೊಬ್ಬನ ಎದೆ ಸೇರಿಸಿದ. ಸಂಜೆ ಹೆಂಗಸು ಬಂದು ಬ್ಯಾನರ್ ಬಿಚ್ಚಿ ನೋಡಿದರು. "ಇದು ಯಾರ್ ಪಾ?" ಎಂದು ಕೇಳಿದರು.

"ನಿಮ್ಮ ಯಜಮಾನ್ರೇ ಅಮ್ಮಾ, ಸೂಪರಾಗಿಲ್ವಾ?" ಅಂದ ನರೇಶ್.

ಅವರು ಬ್ಯಾನರನ್ನು ಮಡಿಚಿಕೊಂಡು ಹೋದರು. ಇದನ್ನು ನನಗೆ ಹೇಳುವಾಗ ಮುನಿಲಕ್ಷ್ಮಿ, "ತಿಕ್ಕಿದ್ದು ನನ್ ಕೈಯೇ ಸಾರ್. ಆ ಅಮ್ಮನ ಮುಖ ನೋಡಕ್ಕಾಗ್ಲಿಲ್ಲ. ನನ್ ಕೈ ನೋಡ್ಕೊಂಡ್ರೇ ಅಸಹ್ಯ ಆಗ್ತದೆ," ಅಂದಳು. ನಾನು, "ಎಲ್ಲಾ ಕಡೆ ಹೀಗೇ ಕಣಮ್ಮಾ. ಕಲಿಯೋದು ಕಲಿ, ಮಿಕ್ಕಿದ್ದು ಬಿಡು," ಅಂತ ಹೇಳಿ, ಅವಳ ದಿನಚರಿ ಪುಸ್ತಕಕ್ಕೆ ಸಹಿ ಹಾಕಿದೆ. ಆ ಪುಸ್ತಕದಲ್ಲಿ ಪ್ರತಿ ವಾರ ಸಂಸ್ಥೆಯವರದೊಂದು, ನನ್ನದೊಂದು ಸಹಿ ಬೀಳಬೇಕು. ಇಲ್ಲದಿದ್ದರೆ ಪದವಿ ಇಲ್ಲ.

ಅದೇ ಸಮಯದಲ್ಲಿ ತರಗತಿಯಲ್ಲಿ ಒಂದು ಕೆಲಸ ಕೊಟ್ಟಿದ್ದೆವು. ಮನೆಯಲ್ಲಿ ದುಡಿಯುವ ಒಬ್ಬರ ಚಿತ್ರವನ್ನು ಅವರೆದುರು ಕೂತು ನಲವತ್ತು ಸಲ ಬರೆಯಬೇಕು, ಅದರಲ್ಲಿ ಒಂದನ್ನು ಆರಿಸಿ ಬಣ್ಣದಲ್ಲಿ ಪೂರ್ತಿ ಮಾಡಬೇಕು. ಮುನಿಲಕ್ಷ್ಮಿ ಅಜ್ಜಿಯನ್ನು ಆರಿಸಿಕೊಂಡಳು. ಕದಿರಮ್ಮ ವಾರಕ್ಕೆ ಎರಡು ಸಲ ಮೊಸರು ಕಡೆಯುತ್ತಿದ್ದರು. ಡೈರಿಗೆ ಹಾಕಿ ಉಳಿದ ಹಾಲಿನದು, ಮನೆಯ ಮಟ್ಟಿಗೆ. ಮೊಮ್ಮಗಳು ಪುಸ್ತಕ ಹಿಡಿದು ಎದುರಿಗೆ ಕೂತರೆ ಅವರಿಗೆ ನಗು.

"ಏನಮ್ಮಿ, ನನ್ ಮೂಗು ಅಷ್ಟ್ ದಪ್ಪಗೈತಾ?"

"ಐತಜ್ಜಿ."

"ಕಿವಿ ಇಂಗೆ ಜೋತಾಡ್ತದಾ?"

"ಊಂ."

"ಥೂ, ಯಾವಳಿಗ್ ಬೇಕು ಈ ಮುಖ," ಎಂದು ಅವರು ಮತ್ತೆ ಕಡಗೋಲಿನ ಹಗ್ಗ ಎಳೆಯುತ್ತಿದ್ದರು.

ಕೊನೆಗೆ ಮೂಡಿದ ಚಿತ್ರ ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಮೊಣಕೈವರೆಗೆ ಹಸಿರು ಹಚ್ಚೆ, ಹಗ್ಗ ಎಳೆದ ರಭಸಕ್ಕೆ ಒಂದು ಕಡೆ ವಾಲಿದ ಭುಜ, ಕಣ್ಣು ಮಜ್ಜಿಗೆಯ ಮೇಲೆ, ತುಟಿಯಲ್ಲಿ ಬೈಗುಳ ಬರುವ ಮೊದಲಿನ ಒಂದು ಬಿಗಿ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲವಾಗಿ ಬಣ್ಣದ ಕೆಲಸವನ್ನು ಅವಳು ಊಟದ ಬಿಡುವಿನಲ್ಲಿ ನರೇಶನ ಅಂಗಡಿಯಲ್ಲೇ ಮಾಡಿ, ಫೈಲಿಗೆ 'ಕದಿರಮ್ಮನ ಕಡಗೋಲು' ಎಂದು ಹೆಸರಿಟ್ಟಿದ್ದಳು. ಕಾಲೇಜಿನಲ್ಲಿ ಎಲ್ಲರೂ ಮೆಚ್ಚಿದರು.

ಎರಡು ವಾರದ ನಂತರ ಅವಳು ಅಂಗಡಿಗೆ ಹೋದಾಗ ಪರದೆಯ ಮೇಲೆ ಅಜ್ಜಿ ಇದ್ದರು. ಸುತ್ತ ಚಿನ್ನದ ಬಣ್ಣದ ಬಳ್ಳಿ, ಕೆಳಗೆ ದೊಡ್ಡ ಅಕ್ಷರದಲ್ಲಿ 'ಕದಿರಮ್ಮನ ಕಡಗೋಲು – ಶುದ್ಧ ನಾಟಿ ಹಸುವಿನ ತುಪ್ಪ.'

"ಎಂಗೆ?" ಅಂದ ನರೇಶ್, ಬಾಯಲ್ಲಿ ಗುಟ್ಕಾ ತುಂಬಿಕೊಂಡು. "ತುಪ್ಪ ಮಾರೋ ನಮ್ಮ ಶ್ರೀನಿವಾಸಪ್ಪೋರು ನೋಡ್ತಿದ್ದಂಗೇ ಫ್ಲಾಟ್. ಆ ಹೆಸ್ರೇ ಬ್ರಾಂಡು ಕಣಮ್ಮಾ. ನಿಂದು ಸರ್ಟಿಫಿಕೇಟಲ್ಲಿ ಬರೀತೀನಿ ಬಿಡು, ಪ್ಯಾಕೇಜ್ ಡಿಸೈನ್ ಮಾಡಿದ್ಲು ಅಂತ."

ಅವಳನ್ನು ಕೇಳದೆ ತೆಗೆದುಕೊಂಡಿದ್ದ. ಆದರೂ ಮೊದಲು ಅವಳಿಗೆ ಆದದ್ದು ಸಂತೋಷವೇ. ಇದನ್ನು ಅವಳು ಮುಚ್ಚಿಡಲಿಲ್ಲ. ಅಲ್ಲಿವರೆಗೆ ಅವಳು ಮಾಡಿದ ಯಾವ ಕೆಲಸವೂ ಮೂರು ದಿನದ ಮೇಲೆ ಬದುಕಿರಲಿಲ್ಲ, ಬ್ಯಾನರು ಕಟ್ಟಿ, ಬ್ಯಾನರು ಹರಿದು, ಮುಗಿಯಿತು. ಇದು ಮನೆಮನೆಗೆ ಹೋಗುತ್ತದೆ ಅನ್ನಿಸಿತು. ಮನೆಗೆ ಹೋಗಿ ಫೋನಿನಲ್ಲಿ ತೋರಿಸಿದಳು. ರಾಮಚಂದ್ರಪ್ಪ ಅಕ್ಕಪಕ್ಕದವರನ್ನು ಕರೆದು ತೋರಿಸಿದ. ಕದಿರಮ್ಮ, "ಮಾನ ತೆಗ್ದಲ್ಲೇ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಅದರ ಮುಂದಿನ ವಾರ ನರೇಶ್ ಅವಳ ಕೈಗೆ ಕ್ಯಾಮೆರಾ ಕೊಟ್ಟು, ತುಪ್ಪ ಮಾಡುವ ಜಾಗದಲ್ಲಿ ತುಂಬಿದ ಡಬ್ಬಿಗಳ ಫೋಟೋ ತೆಗೆದುಕೊಂಡು ಬಾ ಎಂದು ಕಳಿಸಿದ. ಕೆಜಿಎಫ್‌ನದೇ ಕೋರಮಂಡಲ್ ಕಡೆ ಗಣಿಯ ಹಳೆಯ ಗೋಡೌನೊಂದರ ಬೆನ್ನಿಗೆ ತಗಡಿನ ಶೆಡ್. ಹೊರಗೆ ಬೋರ್ಡಿಲ್ಲ. ಹಸು, ಸಗಣಿ, ಹಾಲಿನ ಕ್ಯಾನು, ಒಂದೂ ಕಾಣಲಿಲ್ಲ. ಹಾಲಿನ ಮನೆಯಲ್ಲಿ ಬೆಳೆದ ಹುಡುಗಿಗೆ ಅಲ್ಲೇ ಅನುಮಾನ ಹುಟ್ಟಿತು.

ಬಾಗಿಲು ತೆಗೆದವನು ಒಳಗೆ ಬಿಟ್ಟ. ನೆಲವೆಲ್ಲ ಜಿಡ್ಡು, ಚಪ್ಪಲಿ ಎತ್ತಿದರೆ ಪಿಚಕ್ಕೆಂದು ಏಳುತ್ತಿತ್ತು. ಗೋಡೆ ಪಕ್ಕ ನೀಲಿ ಡ್ರಮ್ಮುಗಳು. ಅವುಗಳಲ್ಲಿ ಬೇಕರಿ, ಹೋಟೆಲುಗಳಲ್ಲಿ ಬೋಂಡ ಕರಿದು ಕರಿದು ಕಪ್ಪಾದ ಎಣ್ಣೆ. ಒಂದರ ಮೇಲೆ ಸತ್ತ ಜಿರಲೆಗಳು ಕಡಲೆಬೀಜದ ಸಿಪ್ಪೆಯಂತೆ ತೇಲುತ್ತಿದ್ದವು. ಒಬ್ಬ ಬನಿಯನ್ನು ಹಾಕಿಕೊಂಡವನು ಅದನ್ನು ಹಳೆಯ ಪಂಚೆಯಲ್ಲಿ ಸೋಸುತ್ತಿದ್ದ. ಇನ್ನೊಂದು ಕಡೆ ದೊಡ್ಡ ಕಡಾಯಿಯಲ್ಲಿ ವನಸ್ಪತಿ ಕರಗುತ್ತಿತ್ತು. ಸೋಸಿದ ಎಣ್ಣೆಯನ್ನು ಅದಕ್ಕೇ ಸುರಿದರು. ಏನೋ ಪುಡಿ ಹಾಕಿ ಹಳದಿ ಬಣ್ಣ ಬರಿಸಿದರು. ಕಲಕುತ್ತಿದ್ದವನ ಕತ್ತಿನ ಬೆವರು ಕಡಾಯಿಗೇ ತೊಟ್ಟಿಕ್ಕುತ್ತಿತ್ತು. ತಗಡಿನ ಸಂದಿಯಿಂದ ಗಣಿಯ ಮಣ್ಣು ಗುಡ್ಡದ ಧೂಳು ಒಳಗೆ ಬೀಸುತ್ತಿತ್ತು, ಅದೂ ಹೋಗಿ ಅದರ ಮೇಲೇ ಕೂರುತ್ತಿತ್ತು.

ಇಷ್ಟನ್ನೂ ಅವಳು ಮೂಗು ಮುಚ್ಚಿಕೊಂಡು ತಾಳಿದಳು. ಆಮೇಲೆ ಬನಿಯನ್ನಿನವನು ಬೆರಳುದ್ದದ ಒಂದು ಸೀಸೆ ತೆಗೆದು ಕಡಾಯಿಗೆ ಸ್ವಲ್ಪವೇ ಬಗ್ಗಿಸಿದ. ಒಂದೇ ಕ್ಷಣಕ್ಕೆ ಶೆಡ್ಡಿನ ತುಂಬ ಘಮ್ಮೆಂದು ತುಪ್ಪದ ಪರಿಮಳ. ಬೆಣ್ಣೆ ಕಾಸಿ ಇಳಿಸಿದ ದಿನ ಅಜ್ಜಿಯ ಕೈಯಿಂದ, ಸೀರೆಯಿಂದ ಬರುವ ಪರಿಮಳ, ಒಂದು ಎಳೆಯೂ ವ್ಯತ್ಯಾಸವಿಲ್ಲ. ಅವಳು ಆಚೆ ಓಡಿ ಗೋಡೆ ಹಿಡಿದು ವಾಂತಿ ಮಾಡಿದಳು. ತಿರುಗಿ ನೋಡಿದರೆ ಬಾಗಿಲ ಹತ್ತಿರ ರಟ್ಟಿನ ಪೆಟ್ಟಿಗೆಗಳ ಮೇಲೆ ಲೇಬಲ್ಲಿನ ಸುರುಳಿ. ಒಂದರ ಹಿಂದೆ ಒಂದರಂತೆ ನೂರಾರು ಕದಿರಮ್ಮಂದಿರು ಕಡಗೋಲು ಹಿಡಿದು ಕೂತಿದ್ದರು.

ಅವಳು ಬಾಯಿ ಒರೆಸಿಕೊಂಡು ಒಳಗೆ ಹೋಗಿ, ಹೇಳಿದಂತೆ ಡಬ್ಬಿಗಳ ಫೋಟೋ ತೆಗೆದಳು. ಡ್ರಮ್ಮು, ಕಡಾಯಿ, ಸೀಸೆಗಳದ್ದೂ ತೆಗೆದುಕೊಂಡಳು, ಅದು ತನ್ನ ಫೋನಿನಲ್ಲಿ.

ಅಂಗಡಿಗೆ ಮರಳಿ ನರೇಶನಿಗೆ ಹೇಳಿದಳು. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ನೋಡಮ್ಮಾ ಮೋನಾ, ಡಬ್ಬಿ ಮೇಲಿರೋದು ಮಾತ್ರ ನಮ್ದು. ಒಳಗಿರೋದು ಅವ್ರ್ ಪಾಡು."

"ಮ್ಯಾಲಿರೋದು ನಮ್ಮಜ್ಜಿ ಸಾರ್."

"ಅಜ್ಜಿ ಅಲ್ಲಮ್ಮಾ, ಫೈಲು. ನನ್ ಸಿಸ್ಟಮ್ಮಲ್ಲಿ ಮಾಡಿದ ಫೈಲು. ನನ್ ಸಿಸ್ಟಮ್ಮಲ್ಲಿ ಏನಿದ್ರೂ ನಂದು, ನಿಮ್ ಕಾಲೇಜೋರು ಸಹಿ ಮಾಡಿರೋ ಪೇಪರಲ್ಲೇ ಇದೆ, ಓದ್ಕೋ ಓಗು." ಹಾಗೆಂದು ಲೋಟ ಎತ್ತಿ ಉಗಿದ.

ಮರುದಿನ ಅವಳು ಸೀದಾ ನನ್ನ ಕೋಣೆಗೆ ಬಂದಳು. ಫೋಟೋಗಳನ್ನು ತೋರಿಸಿದಳು. ನಾನು ಒಪ್ಪಂದ ತೆಗೆದು ನೋಡಿದೆ. ನರೇಶ್ ಹೇಳಿದ ಸಾಲು ಇತ್ತು. ಕೆಳಗೆ ನನ್ನ ಸಹಿಯೂ ಇತ್ತು, ಓದದೆ ಹಾಕಿದ್ದು.

"ಇನ್ನು ಆರೇ ವಾರ ಮುನಿಲಕ್ಷ್ಮಿ," ಅಂದೆ. "ಆರು ವಾರದ ಸಹಿ ಬಿದ್ದರೆ ಪದವಿ ನಿನ್ನದು. ಆಮೇಲೆ ಏನು ಬೇಕಾದರೂ ಮಾಡು. ಈಗ ಸುಮ್ಮನಿರು."

ಅವಳು ನನ್ನನ್ನು ನೋಡಿದಳು. ಆ ನೋಟವನ್ನು ನಾನು ಮೊದಲೂ ಕಂಡಿದ್ದೆ, ನರೇಶನ ಕಾಗದದ ಲೋಟವನ್ನು ಅವಳು ನೋಡುತ್ತಿದ್ದದ್ದು ಹಾಗೆ. "ಆಯ್ತು ಸಾರ್," ಎಂದು ಎದ್ದುಹೋದಳು. ಮಕ್ಕಳಿಗೆ ಇಪ್ಪತ್ತೆರಡು ವರ್ಷ ಪಾಠ ಹೇಳಿದವನು ನಾನು. ಆ ದಿನ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ಇಂದಿಗೂ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮನೆಯಲ್ಲಿ ಅವಳು ಎರಡು ದಿನ ತುಪ್ಪ ಮುಟ್ಟದ್ದನ್ನು ಅಜ್ಜಿ ಗಮನಿಸಿದರು. ಕೇಳಿದರು. ಅವಳು ಎಲ್ಲವನ್ನೂ ಹೇಳಿ ಫೋಟೋ ತೋರಿಸಿದಳು. ಕದಿರಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ನೋಡಿದರು.

"ಇದನ್ನ ಮಕ್ಳು ತಿಂತಾವಾ?"

"ಎಲ್ಲಾರೂ ತಿಂತಾರಜ್ಜಿ."

"ನನ್ ಮುಖ ನೋಡಿ?"

ಅವಳು ಅಳಲು ಶುರು ಮಾಡಿದಳು. "ಅಳ್ಬ್ಯಾಡ," ಅಂದರು ಅಜ್ಜಿ. "ನಾಳೀಕೆ ನಾನೂ ಬತ್ತೀನಿ. ಅದ್ಯಾವ್ ಅಂಗ್ಡಿ ತೋರ್ಸು."

ಮರುದಿನ ಒಗೆದ ಸೀರೆಯುಟ್ಟು ಕದಿರಮ್ಮ ಮೊಮ್ಮಗಳ ಜೊತೆ ರೈಲು ಹತ್ತಿದರು. ರಾಮಚಂದ್ರಪ್ಪ ಬೇಡವೆಂದ. ಊರಲ್ಲಿ ಮಾತಾಗುತ್ತದೆ, ಶ್ರೀನಿವಾಸಪ್ಪ ದೊಡ್ಡ ಕುಳ ಅಂದ. ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರು ಹೋದ ಹೊತ್ತಿಗೆ ಶ್ರೀನಿವಾಸಪ್ಪನೂ ಅಲ್ಲೇ ಇದ್ದ. ಬಿಳಿ ಅಂಗಿ, ಹಣೆಯಲ್ಲಿ ಕುಂಕುಮ, ಬೆರಳು ತುಂಬ ಉಂಗುರ. ಮೇಜಿನ ಮೇಲೆ ಹೊಸ ಡಬ್ಬಿಗಳು ಸಾಲಾಗಿ ಕೂತಿದ್ದವು. ಅಜ್ಜಿಯನ್ನು ನೋಡಿದ ಕೂಡಲೇ ಅವನಿಗೆ ಗುರುತು ಹತ್ತಿ, ಕೈ ಮುಗಿದ.

"ಓಹೋ, ಬನ್ನಿ ತಾಯಿ, ನಮ್ ಬ್ರಾಂಡೇ ನಡ್ಕೊಂಡ್ ಬಂದಂಗಾಯ್ತು!"

ಅಜ್ಜಿ ಕೂರಲಿಲ್ಲ. ಒಂದು ಡಬ್ಬಿಯನ್ನು ಎತ್ತಿ ತನ್ನ ಚಿತ್ರವನ್ನು ನೋಡಿದರು, ಮುಚ್ಚಳ ತೆಗೆದು ಮೂಸಿದರು. "ವಾಸ್ನೆ ಚೆನ್ನಾಗೈತೆ," ಅಂದರು. ಬೆರಳಲ್ಲಿ ತೆಗೆದು ಅಂಗೈಗೆ ಹಚ್ಚಿ ತಿಕ್ಕಿದರು. ಒಳ್ಳೆಯ ತುಪ್ಪ ಅಂಗೈ ಬಿಸಿಗೆ ನೀರಾಗಬೇಕು. ಇದು ಮೇಣದಂತೆ ಮೆತ್ತಿಕೊಂಡಿತು.

"ಚಮ್ಚ ಐತಾ?" ಎಂದು ಕೇಳಿದರು. ಟೀ ಲೋಟದಲ್ಲಿದ್ದ ಚಮಚವನ್ನು ತಾವೇ ತೆಗೆದು, ಸೆರಗಿಗೆ ಒರೆಸಿ, ತುಂಬ ತುಪ್ಪ ಎತ್ತಿ ಶ್ರೀನಿವಾಸಪ್ಪನ ಮುಂದೆ ಹಿಡಿದರು. "ತಿನ್ನಪ್ಪ."

ಅವನು ನಕ್ಕ. "ನಂಗೆ ಕೊಲೆಸ್ಟ್ರಾಲ್ ಐತೆ ತಾಯಿ. ಡಾಕ್ಟ್ರು ತುಪ್ಪ ಮುಟ್ಬ್ಯಾಡ ಅಂದವ್ರೆ."

"ಅಂಗಾದ್ರೆ ಈ ಅಯ್ಯ ತಿನ್ಲಿ."

ನರೇಶ್ ಗುಟ್ಕಾ ತುಂಬಿದ ಬಾಯಿಯನ್ನು ತೋರಿಸಿ ತಲೆ ಅಲ್ಲಾಡಿಸಿದ.

"ನಿಮ್ಮನೇಲಿ ಮಕ್ಳವ್ರಾ? ಅವ್ರಿಗೆ ಕೊಟ್ಟಿದೀಯಾ?"

ಶ್ರೀನಿವಾಸಪ್ಪನ ನಗು ನಿಂತಿತು. "ನೋಡಜ್ಜಿ, ಯಾಕ್ ಗಲಾಟೆ? ನಿಮ್ ಮುಖಕ್ಕೆ ಮರ್ಯಾದೆ ಕೊಟ್ಟೇ ಕೊಡ್ತೀವಿ. ತಿಂಗ್ಳಾ ತಿಂಗ್ಳಾ ನಿಮ್ಮನೆಗೆ ಒಂದ್ ಡಬ್ಬಿ ಕಳಿಸ್ತೀನಿ, ಫ್ರೀ."

ಆ ಮಾತಿಗೆ ಕದಿರಮ್ಮನ ಮುಖ ಕಿವುಚಿಕೊಂಡಿತು ಎಂದು ಮುನಿಲಕ್ಷ್ಮಿ ಹೇಳುತ್ತಾಳೆ. ಹಸುವಿನ ಕೆಚ್ಚಲಲ್ಲಿ ಕೀವು ಕಂಡಾಗ ಕಿವುಚಿಕೊಳ್ಳುವ ಹಾಗೆ. ಚಮಚವನ್ನು ಡಬ್ಬಿಯೊಳಗೇ ಬಿಟ್ಟು, ಕೆಳಗೆ ಬಿದ್ದಿದ್ದ ಫ್ಲೆಕ್ಸ್ ತುಂಡಿಗೆ ಅಂಗೈ ಒರೆಸಿದರು. ಎಷ್ಟು ಒರೆಸಿದರೂ ಜಿಡ್ಡು ಹೋಗಲಿಲ್ಲ.

"ನನ್ ಮುಖ ತೆಗೀರಿ," ಅಂದರು. "ಇದ್ರ್ ಮ್ಯಾಲೆ ನಿಮ್ ಮುಖ ಆಕ್ಕಳಿ. ಇಲ್ಲಾ ಆ ಜಿರ್ಲೆದು ಆಕ್ಕಳಿ."

ಅವರಿಬ್ಬರೂ ಅಜ್ಜಿಯೊಡನೆ ವಾದಿಸುತ್ತಿರುವಾಗ ಮುನಿಲಕ್ಷ್ಮಿ ಕಂಪ್ಯೂಟರಿನ ಮುಂದೆ ಕೂತು ತನ್ನ ಚಿತ್ರವನ್ನೂ ಲೇಬಲ್ಲನ್ನೂ ಅಳಿಸಿದಳು. ನರೇಶ್ ನೋಡಿ ಓಡಿಬಂದು ಅವಳ ಕೈ ಹಿಡಿದು ಎಳೆದ. ಆ ರಭಸಕ್ಕೆ ಲೋಟ ಉರುಳಿ ಕೆಂಪು ಉಗುಳು ಕೀಬೋರ್ಡಿನ ಮೇಲೆ, ಅವಳ ತೋಳಿನ ಮೇಲೆ ಚೆಲ್ಲಿತು. ಅಜ್ಜಿ ಅವನ ಕೈಗೆ ಫಟಾರೆಂದು ಒಂದು ಕೊಟ್ಟು, ಮೊಮ್ಮಗಳನ್ನು ಎಳೆದುಕೊಂಡು ಆಚೆ ಬಂದರು. ಬೀದಿಯ ನಲ್ಲಿಯಲ್ಲಿ ಇಬ್ಬರೂ ಬಹಳ ಹೊತ್ತು ಕೈ ತೊಳೆದರು. ಮಧ್ಯಾಹ್ನದ ರೈಲಿಗೆ ಕಾಯುವಾಗ ಅವಳು ಚಾಂಪಿಯನ್ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತೇ ಆಹಾರ ಸುರಕ್ಷತೆಯವರಿಗೆ ದೂರು ಬರೆದು, ಫೋಟೋಗಳನ್ನು ಸೇರಿಸಿ ಕಳಿಸಿದಳು.

ಅಧಿಕಾರಿಗಳು ಮರುದಿನವೇ ಬಂದರು. ಆದರೆ ಅಜ್ಜಿ ಬಂದುಹೋದ ಮೇಲೆ ಶ್ರೀನಿವಾಸಪ್ಪ ಸುಮ್ಮನಿರುತ್ತಾನೆಯೇ? ಆ ಸಂಜೆಯೇ ಶೆಡ್ ಖಾಲಿಯಾಗಿತ್ತು. ಸಿಕ್ಕಿದ್ದು ಎರಡು ಡ್ರಮ್ಮು, ಜಿಡ್ಡು ನೆಲ, ಅವರೇ ಅಂಗಡಿಗಳಿಂದ ವಶಕ್ಕೆ ಪಡೆದ ಕೆಲವು ಡಬ್ಬಿ. ಮಾದರಿ ಪರೀಕ್ಷೆಯಲ್ಲಿ ತುಪ್ಪವೇ ಇಲ್ಲವೆಂದು ಬಂತು. ಡಬ್ಬಿಯ ಮೇಲಿದ್ದ ಪರವಾನಗಿ ಸಂಖ್ಯೆ ಬೇರೆ ಯಾರದ್ದೋ. ಮೊಕದ್ದಮೆ ಇನ್ನೂ ನಡೆಯುತ್ತಿದೆ. ಶೆಡ್ ತನ್ನದಲ್ಲ, ತಾನು ಬರೀ ಏಜೆಂಟ್ ಎಂದು ಶ್ರೀನಿವಾಸಪ್ಪ ಹೇಳುತ್ತಾನೆ.

ನರೇಶ್ ದಿನಚರಿ ಪುಸ್ತಕವನ್ನು ಕೊರಿಯರಿನಲ್ಲಿ ವಾಪಸು ಕಳಿಸಿದ. ಕೊನೆಯ ಪುಟದಲ್ಲಿ 'ನಂಬಿಕೆದ್ರೋಹ. ಅತೃಪ್ತಿಕರ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದ. ನಾನು ಪ್ರಿನ್ಸಿಪಾಲರ ಹತ್ತಿರ ಹೋದೆ. ನಡೆದದ್ದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಸರಿ, ಆದರೆ ನಿಯಮ ಏನು ಹೇಳುತ್ತೆ?" ಅಂದರು. ಸಂಸ್ಥೆಯ ಸಹಿ ಇಲ್ಲದೆ ಆ ವರ್ಷದ ಕೆಲಸ ಲೆಕ್ಕಕ್ಕಿಲ್ಲ ಅನ್ನುತ್ತಿತ್ತು ನಿಯಮ. ಮುನಿಲಕ್ಷ್ಮಿಯ ಒಂದು ವರ್ಷ ಹೋಯಿತು. ಆ ಹೊತ್ತಿಗೆ ನರೇಶನ ಅಂಗಡಿಗೆ ಮುಂದಿನ ವರ್ಷದ ಇಬ್ಬರು ವಿದ್ಯಾರ್ಥಿಗಳ ಹೆಸರು ಆಗಲೇ ಹೋಗಿತ್ತು. ಅದನ್ನು ಮಾತ್ರ ನಾನು ಜಗಳವಾಡಿ ನಿಲ್ಲಿಸಿದೆ.

ಡಬ್ಬಿಗಳು ನಿಲ್ಲಲಿಲ್ಲ. ಆಗಲೇ ಅಂಗಡಿ ಸೇರಿದ್ದವು ತಿಂಗಳುಗಟ್ಟಲೆ ಅಲ್ಲಲ್ಲಿ ಕಾಣಿಸುತ್ತಲೇ ಇದ್ದವು. ಯುಗಾದಿಗೆ ಬಂಗಾರಪೇಟೆಯ ಸಂಬಂಧಿಕರ ಮನೆಗೆ ಕದಿರಮ್ಮ ಊಟಕ್ಕೆ ಹೋಗಿದ್ದರು. ಎಲೆಯ ಮೇಲೆ ಒಬ್ಬಟ್ಟು ಬಿತ್ತು. ಮನೆಯ ಸೊಸೆ ಒಳಗಿನಿಂದ ಡಬ್ಬಿ ತಂದು, ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿ, "ನಿಮ್ ಎಸ್ರಿಂದೇ ತಂದಿವ್ನಿ ಅತ್ತೆ," ಎನ್ನುತ್ತಾ ಒಬ್ಬಟ್ಟಿನ ಮೇಲೆ ಧಾರಾಳವಾಗಿ ಸುರಿದಳು. ಪಕ್ಕದ ಎಲೆಯಲ್ಲಿ ಒಂದು ಪುಟ್ಟ ಮಗು ಆಗಲೇ ಬೆರಳು ನೆಕ್ಕುತ್ತಿತ್ತು. ಅಜ್ಜಿ ಆ ಮಗುವಿನ ಕೈ ಹಿಡಿದು, ಎಲೆಯ ಮುಂದಿನಿಂದ ಎಬ್ಬಿಸಿ, ಬಚ್ಚಲಿಗೆ ಕರೆದೊಯ್ದು ಬಾಯಿ ತೊಳೆಸಿದರು. ಮನೆಯವರಿಗೆ ಅವಮಾನವಾಯಿತು. ನಡೆದದ್ದನ್ನು ವಿವರಿಸಿದರೂ, ಹಬ್ಬದ ದಿನ ಎಲೆ ಬಿಟ್ಟು ಎದ್ದಳೆಂದು ಇವತ್ತಿಗೂ ಆ ಮನೆಯವರು ಸರಿಯಾಗಿ ಮಾತಾಡಿಸುವುದಿಲ್ಲ.

ಮುಂದಿನ ವರ್ಷ ಮುನಿಲಕ್ಷ್ಮಿ ಮತ್ತೆ ಮೊದಲ ದಿನದಿಂದ ಅಪ್ರೆಂಟಿಸ್ ಆದಳು. ಬಂಗಾರಪೇಟೆಯಲ್ಲಿ ಕಲ್ಪನ ಎಂಬುವರ ಪ್ರಿಂಟಿಂಗ್ ಪ್ರೆಸ್. ಬಿಲ್ ಪುಸ್ತಕ, ಶಾಲೆಯ ಅಭ್ಯಾಸ ಪುಸ್ತಕ, ಬಿತ್ತನೆ ಬೀಜದ ಚೀಲ, ಅಷ್ಟೇ. ಈ ಸಲ ಒಪ್ಪಂದವನ್ನು ನಾನು ಸಾಲು ಸಾಲಾಗಿ ಓದಿದೆ, ಅವಳಿಗೂ ಓದಿಸಿದೆ. ಕಲ್ಪನ ಸಿಡುಕಿನ ಹೆಂಗಸು. ಮೊದಲ ವಾರ ಚೀಲದ ಮೇಲಿನ ರಾಗಿ ತೆನೆಯನ್ನು ಇವಳು ಬರೆದಾಗ, "ಇದು ರಾಗಿನೋ ನವಣೆನೋ? ಹೊಲಕ್ಕೆ ಓಗಿ ನೋಡ್ಕಂಬಾ," ಎಂದು ಬೈದು ಕಳಿಸಿದರಂತೆ. ಅದನ್ನು ಹೇಳುವಾಗ ಬಹಳ ದಿನದ ಮೇಲೆ ಅವಳ ಮುಖದಲ್ಲಿ ನಗು ಕಂಡೆ.

ಆದರೂ ಏನೋ ಒಂದು ಕೆಟ್ಟುಹೋಗಿದೆ. ಈಗ ಅವಳು ಯಾವ ಡಬ್ಬಿ, ಯಾವ ಪೊಟ್ಟಣ ಕೈಗೆ ಬಂದರೂ ಮುಖ ಸಿಂಡರಿಸಿಕೊಂಡೇ ನೋಡುತ್ತಾಳೆ. ಮೊನ್ನೆ ಕಿರಾಣಿ ಅಂಗಡಿಯೊಂದರಲ್ಲಿ ಅದೇ ಚಿನ್ನದ ಬಳ್ಳಿ, ಅದೇ ಅಕ್ಷರ, ಹೆಸರು ಮಾತ್ರ ಬೇರೆಯಾದ ಒಂದು ತುಪ್ಪದ ಡಬ್ಬಿ ಕಂಡಳು. ಮೇಲೊಬ್ಬಳು ಕಂಪ್ಯೂಟರ್ ಹುಟ್ಟಿಸಿದ ಅಜ್ಜಿ. ಹಾಲಿನಂಥ ಬಿಳಿ ಬಣ್ಣ, ಮೂವತ್ತೆರಡೂ ಹಲ್ಲು, ಕಡಗೋಲನ್ನು ಪೊರಕೆ ಹಿಡಿದಂತೆ ಹಿಡಿದಿದ್ದಾಳೆ. "ಈ ಅಜ್ಜಿ ಬಂದ್ ಜಗಳ ಮಾಡಲ್ವಲ್ಲ ಸಾರ್," ಅಂದಳು. ಅದರ ಫೋಟೋವನ್ನೂ ದೂರಿಗೆ ಸೇರಿಸಿ ಕಳಿಸಿದಳು.

ಮೇ ತಿಂಗಳಲ್ಲಿ ಮೌಖಿಕ ಪರೀಕ್ಷೆ ಆಯಿತು. ಹೊರಗಿನಿಂದ ಬಂದ ಪರೀಕ್ಷಕಿ ಅವಳ ಕಡತ ತಿರುವಿ, ಒಂದು ವರ್ಷ ಯಾಕೆ ತಡ ಎಂದು ಕೇಳಿದರು.

"ಮೊದಲಿನ ಸಂಸ್ಥೆಯವರು ಸಹಿ ಹಾಕ್ಲಿಲ್ಲ ಮೇಡಂ. ಅವರು ಕಲಬೆರಕೆ ತುಪ್ಪಕ್ಕೆ ನನ್ನ ಚಿತ್ರ ಹಾಕಿದ್ರು. ನಾನು ದೂರು ಕೊಟ್ಟೆ."

ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡರು. "ಅದೆಲ್ಲ ಸರಿಯಮ್ಮ. ಆದರೆ ಗ್ರಾಹಕರ ಗುಟ್ಟು ಕಾಪಾಡೋದೂ ನಮ್ಮ ವೃತ್ತಿಯ ಭಾಗ ಅಲ್ವಾ?"

ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಆ ಕುರ್ಚಿಯಲ್ಲಿ ಕೂತವನು ಮಾತಾಡಬಾರದು ಎಂದು ನಿಯಮ. "ಅವಳು ಮಾಡಿದ್ದು ಸರಿ. ಸುಮ್ಮನಿರು ಅಂತ ಅವಳಿಗೆ ಹೇಳಿದ್ದವನು ನಾನು. ಬರೆದುಕೊಳ್ಳುವುದಿದ್ದರೆ ಅದನ್ನು ಬರೆದುಕೊಳ್ಳಿ," ಅಂದೆ. ಪರೀಕ್ಷಕಿ ಬರೆದುಕೊಳ್ಳಲಿಲ್ಲ. ಮುನಿಲಕ್ಷ್ಮಿ ನನ್ನ ಕಡೆ ನೋಡಲಿಲ್ಲ.

ಅವಳಿಗೆ ಬಂದದ್ದು ನೂರಕ್ಕೆ ಅರವತ್ತೊಂದು. ಪಾಸು. ಕಾರಿಡಾರಿನಲ್ಲಿ ನಿಂತು ಕಲ್ಪನ ಅವರಿಗೆ ಫೋನ್ ಮಾಡಿದಳು. "ಮುಗೀತಕ್ಕಾ. ಊಟ ಮಾಡ್ಕೊಂಡು ಬತ್ತೀನಿ. ಚೀಲದ ಪ್ರೂಫ್ ನಾನು ನೋಡೋಗಂಟ ಮೆಷೀನಿಗೆ ಆಕ್ಬ್ಯಾಡಿ," ಎಂದು ಹೇಳಿ ಮೆಟ್ಟಿಲಿಳಿದು ಹೋದಳು.